ಚೂರಿಯ ಹದ

ಹದವೆಂಬ ಮಾತು ಅಡಿಗೆಯ ಮನೆಯಲ್ಲಿಯೂ ಉಂಟು, ಹೊಲದಲ್ಲಿಯೂ ಉಂಟು, ಕಮ್ಮಾರನ ಕುಲುಮೆಯಲ್ಲಿಯೂ ಉಂಟು. ಪಾಕದ ಹದ ತಪ್ಪಿದರೆ ಹಬ್ಬದ ಸವಿ ಕೆಟ್ಟೀತು. ಮಣ್ಣಿನ ಹದ ತಪ್ಪಿದರೆ ಬೆಳೆ ಕೆಟ್ಟೀತು. ಉಕ್ಕಿನ ಹದ ತಪ್ಪಿದರೆ ಕೆಡುವುದು ಒಂದು ಚೂರಿ ಮಾತ್ರವೆಂದು ತೋರಬಹುದು. ಆದರೆ ಅದನ್ನು ನಂಬಿ ಹಗ್ಗ ಕೊಯ್ಯುವವನ, ಬಿದಿರು ಸೀಳುವವನ ಬೆರಳೂ ಅದರ ಸಂಗಡವೇ ಇರುವುದಷ್ಟೆ.

ಚೂರಿಗೆ ಬೇಕಾದ ಉಕ್ಕು ಅಪೂರ್ವ ವಸ್ತುವೇನಲ್ಲ. ಕಬ್ಬಿಣದೊಡನೆ ನೂರಕ್ಕೆ ಅರ್ಧದಿಂದ ಒಂದು ಪಾಲಿನವರೆಗೆ ಇಂಗಾಲ ಬೆರೆತಿದ್ದರಾಯಿತು. ಮೋಟಾರು ಗಾಡಿಯ ಮುರಿದ ಕಮಾನುಪಟ್ಟಿಯೂ ಆದೀತು. ಅದನ್ನು ಇದ್ದಲ ಕೆಂಡದಲ್ಲಿ ಕಾಯಿಸಿ ಅಡಿಗಲ್ಲಿನ ಮೇಲಿಟ್ಟು ಬಡಿಯುವಾಗ ನೋಡುವವರ ಕಣ್ಣೆಲ್ಲ ಸುತ್ತಿಗೆಯ ಮೇಲೆ. ಕಮ್ಮಾರನ ಕಣ್ಣು ಬಣ್ಣದ ಮೇಲೆ. ಕಿತ್ತಳೆಯ ಬಣ್ಣವಿರುವಾಗ ಉಕ್ಕು ಮಾತು ಕೇಳುತ್ತದೆ. ಅದು ಕಂದಿದ ಮೇಲೆ ಬಡಿದರೆ ಬಿರುಕು. ಬೆಳ್ಳಗಾಗಿ ಕಿಡಿಯುಗುಳುವಷ್ಟು ಕಾಯಿಸಿದರೆ ಉಕ್ಕೇ ಸುಟ್ಟುಹೋಗುವುದು.

ಆಕಾರ ಬಂದ ಮೇಲೆಯೇ ನಿಜವಾದ ಪರೀಕ್ಷೆ. ಅಲಗನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಅಯಸ್ಕಾಂತವು ಅದನ್ನು ಸೆಳೆಯದಂತಾದಾಗ ಆ ಶಾಖವು ಸಮೀಪಿಸಿತೆಂದು ತಿಳಿಯಬಹುದು. ಆಗ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುವುದು. ಬಿದ್ದರೆ ಗಾಜಿನಂತೆಯೇ ಒಡೆಯುವುದು. ಆದುದರಿಂದ ಕಮ್ಮಾರನು ಅದರ ಮೈಯನ್ನುಜ್ಜಿ ಬೆಳಗಿಸಿ ಮತ್ತೆ ಮೆಲ್ಲನೆ ಕಾಯಿಸುತ್ತಾನೆ. 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ ಮೂಡುತ್ತದೆ. 300ರ ಹತ್ತಿರ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಚೂರಿಯ ಬಾಯಿ ಉಳಿಯುತ್ತದೆ. ನೀಲಿಗೆ ಬಿಟ್ಟರೆ ಕಮಾನಿಗೆ ಒಪ್ಪುವಷ್ಟು ಮೆತ್ತಗಾಗುತ್ತದೆ. ಕಷ್ಟಪಟ್ಟು ಗಳಿಸಿದ ಗಡುಸಿನಲ್ಲಿ ಒಂದು ಪಾಲನ್ನು ತಾನಾಗಿಯೇ ಬಿಟ್ಟುಕೊಡುವುದು—ಇದೇ ಹದ.

ಇನ್ನು ಹಿಡಿ. ಹಿಂದಿನ ಕಾಲದವರಿಗೆ ಕಡವೆಯ ಕೊಂಬಿನ ಮೇಲೆ ಬಹಳ ಪ್ರೀತಿ. ಹಸುವಿನ ಕೋಡಿನಂತೆ ಇದು ಟೊಳ್ಳಲ್ಲ, ಗಟ್ಟಿಯಾದ ಎಲುಬು. ಅದರ ಒರಟು ಮೈ ಒದ್ದೆಗೈಯಲ್ಲಿಯೂ ಜಾರದು. ಕೊಂಬಿನ ನಡುವೆ ರಂಧ್ರ ಕೊರೆದು, ಅರಗು ತುಂಬಿ, ಅಲಗಿನ ಬಾಲವನ್ನು ಕಾಯಿಸಿ ಒತ್ತಿದರೆ ತಲೆಮಾರುಗಳವರೆಗೆ ಅಲುಗದು. 1624ರಿಂದ ಸಂಘ ಕಟ್ಟಿಕೊಂಡು ಬಾಳಿದ ಇಂಗ್ಲೆಂಡಿನ ಶೆಫೀಲ್ಡಿನ ಚೂರಿಗಾರರು ಸಹ ಭಾರತದ ಕಡವೆಯ ಕೊಂಬನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು.

ಗಂಡು ಕಡವೆಯು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತನ್ನ ಕೊಂಬನ್ನು ತಾನೇ ಉದುರಿಸುತ್ತದೆ. ಬಿದ್ದುದನ್ನು ಆರಿಸಿದರೆ ಪಾಪವೇನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಬುಡ ಸಹಿತವಾದ ಕೊಂಬು ತಾನಾಗಿ ಬಿದ್ದುದೋ, ತಲೆಬುರುಡೆಯಿಂದ ಕಡಿದುದೋ ಬಲ್ಲವರಿಗೆ ತಿಳಿಯುತ್ತದೆ. ಕೊಯ್ದು ಹಿಡಿಯಾದ ಮೇಲೆ ಯಾರಿಗೂ ತಿಳಿಯದು. ಬಿದ್ದುದಕ್ಕೆ ಬೆಲೆ ಕಟ್ಟಿದರೆ ಬಂದೂಕಿಗೂ ಬೆಲೆ ಕಟ್ಟಿದಂತೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಉದುರಿದ ಕೊಂಬಿನ ವ್ಯಾಪಾರಕ್ಕೂ ತಡೆಯೊಡ್ಡಿವೆ. ಕಾಡಿನಲ್ಲಿ ಬಿದ್ದ ಕೊಂಬು ವ್ಯರ್ಥವಾಗುವುದೂ ಇಲ್ಲ. ಮುಳ್ಳುಹಂದಿಗಳು ಅದನ್ನು ಕಡಿದು ತಮಗೆ ಬೇಕಾದ ಸುಣ್ಣದ ಅಂಶವನ್ನು ಪಡೆಯುತ್ತವೆ.

ಕಮ್ಮಾರನಿಗೆ ಇದರಿಂದ ನಷ್ಟವಿಲ್ಲವೆಂದಲ್ಲ. ಆದರೆ ಹಲಸಿನ ಮರದ ಹಿಡಿಯೂ ಕೈಗೆ ಒಗ್ಗುತ್ತದೆ, ಎಮ್ಮೆಯ ಕೋಡೂ ಸಿಕ್ಕುತ್ತದೆ. ಅವನ ವಿದ್ಯೆ ಕೊಂಬಿನಲ್ಲಿ ಇರಲಿಲ್ಲ. ಹಳದಿ ನೀಲಿಗೆ ತಿರುಗುವ ಮುನ್ನ ಬೆಂಕಿಯಿಂದ ಕೈ ತೆಗೆಯುವುದರಲ್ಲಿ ಇತ್ತು. ಅದನ್ನು ನೋಡಿ ಕಲಿಯುವ ಹುಡುಗನೊಬ್ಬನು ಕುಲುಮೆಯ ಬಳಿ ಕುಳಿತಿರುವವರೆಗೆ ಚೂರಿಗೆ ಭಯವಿಲ್ಲ.