ಮೂಡಲ ಬಾಗಿಲಿನ ಪಾಠಶಾಲೆಗಳು

ಬೆಂಗಳೂರಿನಿಂದ ಮೂಡಲಿಗೆ ಹೊರಟ ಪ್ರಯಾಣಿಕನನ್ನು ಕೋಲಾರದ ಸೀಮೆಯು ಬಂಡೆಗುಡ್ಡಗಳಿಂದಲೂ ಕೆರೆಯ ಏರಿಗಳಿಂದಲೂ ಎದುರುಗೊಳ್ಳುತ್ತದೆ. ವರ್ಷವಿಡೀ ಹರಿಯುವ ನದಿ ಈ ನೆಲಕ್ಕಿಲ್ಲ. ಗಂಗರ ಕಾಲದಲ್ಲಿ ಕುವಲಾಲಪುರವೆಂದು ಹೆಸರಾಗಿದ್ದ ಕೋಲಾರಕ್ಕೆ ಬಂದು ಕೋಲಾರಮ್ಮನ ಗುಡಿಯನ್ನೂ ಅಂತರಗಂಗೆಯನ್ನೂ ನೋಡಿ ಮರಳುವವರೇ ಹೆಚ್ಚು. ಹಳ್ಳಿಯ ಹೆಂಚಿನ ಸೂರಿನ ಶಾಲೆಯ ಮುಂದೆ ನಿಲ್ಲುವವರು ವಿರಳ. ನಿಂತು ನೋಡಿದವರಿಗೆ ಅಲ್ಲಿಯೂ ಒಂದು ಚರಿತ್ರೆ ಕಾಣುವುದು.

ವಿದ್ಯೆಯ ನೆನಪು ಇಲ್ಲಿ ಪುರಾಣದಷ್ಟು ಹಳೆಯದು. ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ, ಲವಕುಶರು ಹುಟ್ಟಿ ಬೆಳೆದು ಕಲಿತದ್ದು ಅಲ್ಲಿಯೇ ಎಂದೂ ಜನ ನಂಬುತ್ತಾರೆ. ಪುರಾಣದಿಂದ ಚರಿತ್ರೆಗೆ ಇಳಿದರೆ ಎದುರಾಗುವುದು ಕೂಲಿ ಮಠ. ಐಗಳ ಮುಂದೆ ಕುಳಿತು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದೇ ಅಲ್ಲಿನ ಮೊದಲ ಪಾಠ. ಆದರೆ ಆ ಮಠದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ, ಹೆಣ್ಣುಮಕ್ಕಳಂತೂ ಅಪರೂಪ.

1868ರಲ್ಲಿ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಗೆ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಸರ್ಕಾರದ ವಿದ್ಯೆ ಪಟ್ಟಣವನ್ನು ಬಿಟ್ಟು ಹಳ್ಳಿಯತ್ತ ಹೊರಟಿತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನ ಬಂದಿತು. ಆ ದಿವಾನರ ಹುಟ್ಟೂರಾದ ಮುದ್ದೇನಹಳ್ಳಿಯೂ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು.

ಮುಳಬಾಗಿಲೆಂದರೆ ಮೂಡಲ ಬಾಗಿಲು. 1887ರಲ್ಲಿ ಅಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೊದಲ ಪಾಠಗಳನ್ನು ಕಲಿತದ್ದೂ ಆ ಊರಿನಲ್ಲಿಯೇ; ಮುಂದೆ ಕೋಲಾರದ ಪ್ರೌಢಶಾಲೆಯಲ್ಲಿಯೂ ಓದಿದರು. ಮೆಟ್ರಿಕ್ಯುಲೇಷನ್ ಮಾತ್ರ ಅವರಿಗೆ ದಕ್ಕಲಿಲ್ಲ. ಅದೇ ಗುಂಡಪ್ಪನವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಪರೀಕ್ಷೆ ಮುಗಿದರೂ ಕಲಿಕೆ ಮುಗಿಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮಾಲೂರು ತಾಲ್ಲೂಕು ಕನ್ನಡಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಕೊಟ್ಟಿತು. ಅವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಕನ್ನಡ ಬರವಣಿಗೆಗೆ. ಈ ಗಡಿಸೀಮೆಯ ಶಾಲೆಯ ಗುಟ್ಟು ಇಲ್ಲಿಯೇ ಇದೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ ಅವ್ವನೊಡನೆ ತೆಲುಗಿನಲ್ಲಿ ಮಾತಾಡಿ ಬಂದ ಮಗು, ತರಗತಿಯಲ್ಲಿ ಕನ್ನಡದಲ್ಲಿ ಮಗ್ಗಿ ಹೇಳುತ್ತದೆ. ಪಕ್ಕದ ಮಗುವಿನ ಮನೆಮಾತು ಉರ್ದುವೋ ತಮಿಳೋ ಆಗಿರಬಹುದು. ನೆರೆಯ ಮಾತನ್ನು ಕಲಿಯುವುದು ಸೋಲಲ್ಲವೆಂಬ ಪಾಠವನ್ನು ಯಾವ ಪುಸ್ತಕವೂ ಹೇಳದಿದ್ದರೂ ಆ ಮಕ್ಕಳು ಕಲಿತುಬಿಡುತ್ತಾರೆ.

ಹಾಲಿಗೆ ಹೆಸರಾದ ಈ ಸೀಮೆಯ ಶಾಲೆಗಳಲ್ಲಿ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಿಂದ ಮಕ್ಕಳಿಗೂ ಬಿಸಿ ಹಾಲು ದೊರೆಯುವಂತಾಯಿತು. ಮಧ್ಯಾಹ್ನ ಊಟದ ಪಂಕ್ತಿ. ಒಂದು ಕಾಲಕ್ಕೆ ಮಠದ ಹೊಸ್ತಿಲು ದಾಟಲಾರದಿದ್ದವರ ಮೊಮ್ಮಕ್ಕಳು ಇಂದು ಅದೇ ಪಂಕ್ತಿಯ ನಡುವೆ ಕುಳಿತು ಉಣ್ಣುತ್ತಾರೆ. ಶಾಲೆಯ ಗೋಡೆಗಳಿಗಿಂತ ದೊಡ್ಡ ಸಂಪಾದನೆ ಇದು.

ಆದರೂ ಬೆಳಗಾಗುತ್ತಲೇ ಹಳದಿ ಬಸ್ಸು ಹಳ್ಳಿಯ ಹೊಸ್ತಿಲಿಗೆ ಬಂದು, ಇಂಗ್ಲಿಷ್ ಕಲಿಯಲೆಂದು ಮಕ್ಕಳನ್ನು ಪಟ್ಟಣಕ್ಕೆ ಒಯ್ಯುತ್ತದೆ. ಹಾಗೆ ಕಳುಹಿಸುವ ತಂದೆತಾಯಿಯರನ್ನು ಹಳಿಯುವುದು ಸುಲಭ, ನ್ಯಾಯವಲ್ಲ. 2019ರಲ್ಲಿ ಸರ್ಕಾರವೇ ರಾಜ್ಯದ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಹೊಸ ಮಾತು ಬರಲಿ. ಮೂರು ನಾಲ್ಕು ಮಾತುಗಳನ್ನು ಅರಗಿಸಿಕೊಂಡ ಸೀಮೆಗೆ ಇನ್ನೊಂದು ಭಾರವಾಗದು. ಎಲ್ಲ ಮನೆಯ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂಡುವ ಆ ಜಾಗ ಬರಿದಾದರೆ ಮಾತ್ರ ಅದನ್ನು ತುಂಬುವುದು ಕಷ್ಟ. ಬತ್ತಿದ ಕೆರೆಗೆ ಒಂದು ಒಳ್ಳೆಯ ಮಳೆ ಸಾಕು. ಮುಚ್ಚಿದ ಶಾಲೆಗೆ ಅಷ್ಟು ಸಾಲದು.