ಲಾವಂಚದ ಬೇರು

ವಿದ್ಯಾರ್ಥಿದೆಸೆಯಲ್ಲಿ ಕಾಳಿದಾಸನ ‘ಶಾಕುಂತಲ’ವನ್ನು ಓದುವಾಗ, ಮೂರನೆಯ ಅಂಕದಲ್ಲಿ ತಾಪದಿಂದ ಬಳಲಿದ ನಾಯಕಿಗಾಗಿ ಉಶೀರದ ಲೇಪವನ್ನು ಒಯ್ಯುವ ಪ್ರಸಂಗ ಬಂದಿತು. ಪುಟದ ಅಂಚಿನಲ್ಲಿ ‘ಉಶೀರ = ಲಾವಂಚ, ಮುಡಿವಾಳ’ ಎಂದು ಬರೆದುಕೊಂಡು ಮುಂದೆ ಸಾಗಿದೆ. ಆ ಹುಲ್ಲನ್ನು ನಾನು ಕಂಡಿರಲಿಲ್ಲ. ತಂಪಿಗೆ ಹೆಸರಾದುದು ನೆರಳಿನಲ್ಲಿ ಬೆಳೆಯುವ ಕೋಮಲ ಸಸ್ಯವೇ ಇರಬೇಕೆಂದು ಭಾವಿಸಿದ್ದೆ. ಈ ತಪ್ಪನ್ನು ತಿದ್ದಿದ್ದು ಯಾವ ನಿಘಂಟೂ ಅಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿರುವ ನಮ್ಮ ಇಳಿಜಾರಿನ ಹೊಲ.

ತಂದೆಯವರ ಕಡೆಯ ದಿನಗಳಲ್ಲಿ ಆ ರಾಗಿ ಹೊಲದ ಕೆಮ್ಮಣ್ಣು ಪ್ರತಿ ಮಳೆಗೂ ಬದುವನ್ನು ಒಡೆದುಕೊಂಡು ಹಳ್ಳಕ್ಕೆ ಇಳಿಯುತ್ತಿತ್ತು. ಅವರು ಅದನ್ನೇ ನೆನೆದು ಕೊರಗುತ್ತಿದ್ದರು. ಗುಂಡ್ಲುಪೇಟೆಯ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಲಾವಂಚದ ಬೇಲಿ ಹಾಕಿದ್ದುದನ್ನು, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಈ ಹುಲ್ಲನ್ನು ಮಣ್ಣಿನ ರಕ್ಷಣೆಗೆ ಪ್ರಚಾರ ಮಾಡಿದ್ದುದನ್ನು ನಾನು ಓದಿ ತಿಳಿದದ್ದು ಅವರು ತೀರಿಕೊಂಡ ಮೇಲೆ.

ಮುಂಗಾರಿನ ಮೊದಲ ಹದದಲ್ಲಿ ತೆಂಡೆಗಳನ್ನು ಬಿಡಿಸಿ, ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಇಳಿಜಾರಿಗೆ ಅಡ್ಡವಾಗಿ 10ರಿಂದ 15 ಸೆಂ.ಮೀ. ಅಂತರದಲ್ಲಿ ಸಾಲಾಗಿ ನೆಟ್ಟೆವು. ಕೃಷಿಯಲ್ಲಿರುವ ಲಾವಂಚ ಬೀಜದಿಂದ ಹರಡುವುದಿಲ್ಲವಾದ್ದರಿಂದ ರಾಗಿಗೆ ಕಳೆಯಾಗುವ ಭಯವಿರಲಿಲ್ಲ. ಮೊದಲ ವರ್ಷ ಕಳೆ ತೆಗೆಯುವುದು, ಸತ್ತ ಬುಡದ ಜಾಗವನ್ನು ತುಂಬುವುದು ಇವೇ ಆರೈಕೆ. ಆಮೇಲೆ ಆಗಾಗ ಮೊಣಕಾಲೆತ್ತರಕ್ಕೆ ಕೊಯ್ದರೆ ತೆಂಡೆಗಳು ಒತ್ತಾಗಿ ಒಡೆಯುತ್ತವೆ. ಕೊಯ್ದ ಗರಿ ಹೊಲಕ್ಕೇ ಹೊದಿಕೆಯಾಗುತ್ತದೆ. ಪೂರ್ವದ ಅಂಚಿನಲ್ಲಿ, ನೆರೆಯವರ ನೀಲಗಿರಿ ತೋಪಿನ ನೆರಳು ಬೀಳುವೆಡೆ ಮಾತ್ರ ಸಾಲು ಸೊರಗಿ ಹೋಯಿತು. ಬಟ್ಟಬಯಲಿನಲ್ಲಿ, ಏಪ್ರಿಲಿನ ಬಿಸಿಲಿನಲ್ಲಿ ಅದು ಹಸಿರಾಗಿಯೇ ನಿಂತಿತ್ತು. ತಂಪನ್ನು ಕೊಡುವ ಈ ಬೇರಿಗೆ ತುಂಬು ಬಿಸಿಲೇ ಬೇಕು!

ಮೂರನೆಯ ಬೇಸಿಗೆಯಲ್ಲಿ ತಾಯಿಯವರು ಕುಡಿಯುವ ನೀರಿನ ಹೂಜಿಗೆ ಹಾಕಲು ಬೇರು ಕೇಳಿದರು. ನಾನು ಗುದ್ದಲಿ ಹಿಡಿದು ಹೋಗಿ ಬದುವಿನ ಮೇಲೆ ಸುಮ್ಮನೆ ನಿಂತೆ. ಲಾವಂಚದ ಬೇರು ಪಕ್ಕಕ್ಕೆ ಹಬ್ಬದೆ ನೇರವಾಗಿ ಕೆಳಗಿಳಿಯುತ್ತದೆ; ಮೂರು ಮೀಟರಿನಷ್ಟು ಆಳಕ್ಕೂ ಹೋಗಬಲ್ಲದು. ಅದನ್ನು ಪಡೆಯಬೇಕಾದರೆ ಇಡೀ ಬುಡವನ್ನೇ ಅಗೆಯಬೇಕು. ಒಂದು ಬುಡ ಹೋದೆಡೆಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಕಾವ್ಯದ ಉಶೀರ ಎಂದರೆ ಕಿತ್ತು, ತೊಳೆದು, ಅರೆದ ಬೇರು. ಹೊಲದ ಲಾವಂಚಕ್ಕೆ ಅರ್ಥವಿರುವುದು ಅದು ನೆಲದೊಳಗೆ ಇರುವಷ್ಟು ಕಾಲ. ನನ್ನ ಅಂಚಿನ ಟಿಪ್ಪಣಿಯಲ್ಲಿ ಈ ಎರಡರ ನಡುವೆ ಒಂದು ಸಮಚಿಹ್ನೆಯಷ್ಟೇ ಇತ್ತು.

ಬರಿಗೈಯಲ್ಲಿ ಹಿಂದಿರುಗಿದಾಗ ಅಮ್ಮ ಬೇಸರಪಡಲಿಲ್ಲ. “ಬದುವಿನದು ಕೀಳಬೇಡಪ್ಪ, ನಿಮ್ಮಪ್ಪ ಆ ಮಣ್ಣಿಗೋಸ್ಕರ ಕೊರಗಿದ್ದು ಸಾಲದೆ?” ಎಂದರು.

ಮರುವಾರ ಮಿಕ್ಕ ತೆಂಡೆಗಳನ್ನು ಮರಳುಮಣ್ಣು ತುಂಬಿದ ಎರಡು ಗೋಣಿಚೀಲಗಳಲ್ಲಿ ನೆಟ್ಟು ಅಂಗಳದ ಬಿಸಿಲಿಗಿಟ್ಟೆ. ಎರಡು ವರ್ಷದ ಬಳಿಕ ಒಂದು ಚೀಲವನ್ನು ಸೀಳಿ, ಬೇರನ್ನು ತೊಳೆದು ನೆರಳಿನಲ್ಲಿ ಒಣಗಿಸಿದೆವು. ಆ ಬೇಸಿಗೆಯಲ್ಲಿ ಅಮ್ಮ ಕೊಟ್ಟ ಒಂದು ಲೋಟ ನೀರಿನಲ್ಲಿ, ಅಂಚಿನಲ್ಲಿ ಬರೆದುಕೊಂಡಿದ್ದ ಪದವನ್ನು ಮೊದಲ ಬಾರಿಗೆ ಓದಿದಂತಾಯಿತು.