ಹದಿನೆಂಟು ದಿನದ ಲೀಗು

ನಮ್ಮ ಕಡೆ ಆಟವೆಂದರೆ ಗಂಡುಮಕ್ಕಳದು, ಆಟ ಮುಗಿದ ಮೇಲೆ ಕೆಸರಿನ ಬಟ್ಟೆ ಒಗೆಯುವುದು ಹೆಣ್ಣುಮಕ್ಕಳದು. ಇದು ಯಾರೂ ಬರೆದಿಟ್ಟ ಕಾನೂನಲ್ಲ. ಆದರೂ ನಾಗಮಂಗಲದ ನನ್ನ ತವರಿನಲ್ಲಾಗಲಿ, ಪಾಂಡವಪುರದ ಅತ್ತೆಯ ಮನೆಯಲ್ಲಾಗಲಿ ಅದನ್ನು ಮೀರಿದವರನ್ನು ನಾನು ಕಂಡಿರಲಿಲ್ಲ. ನಾನೂ ಎಂಟನೆಯ ತರಗತಿಯವರೆಗೆ ಖೋ ಖೋ ಆಡಿದವಳೇ. ಬಯಲಲ್ಲಿ ಓಡುವಾಗ ನನ್ನನ್ನು ಹಿಡಿಯುವವರೇ ಇರಲಿಲ್ಲ ಎಂದು ಈಗಲೂ ಜಂಬದಿಂದ ಹೇಳಿಕೊಳ್ಳುತ್ತೇನೆ. ಒಂದು ದಿನ ದೊಡ್ಡವಳಾದೆ. ಹದಿನಾರು ದಿನ ಮೂಲೆಯಲ್ಲಿ ಕೂರಿಸಿ ಚಿಗಳಿ ಉಂಡೆ, ಕೊಬ್ಬರಿ ತಿನ್ನಿಸಿದರು. ಎದ್ದು ಬಂದ ಮೇಲೆ ಓಟವೂ ಇಲ್ಲ, ಬಯಲೂ ಇಲ್ಲ. ಯಾರೂ ಬೈಯಲಿಲ್ಲ, ಯಾರೂ ತಡೆಯಲಿಲ್ಲ. ಹಾಗೆ ನಿಂತುಹೋಯಿತು, ಅಷ್ಟೆ.

ನನ್ನ ಅಣ್ಣನ ಆಟ ಮಾತ್ರ ನಿಲ್ಲಲಿಲ್ಲ. ಅವನು ಓದಲು ಬೆಂಗಳೂರಿಗೆ ಹೋದವನು ಪಾಠ ಎಷ್ಟು ಕಲಿತನೋ ಕಾಣೆ, ಫುಟ್‌ಬಾಲಿನ ಹುಚ್ಚನ್ನಂತೂ ಕಲಿತು ಬಂದ. ಅಶೋಕನಗರದ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕಡಲೆಕಾಯಿ ತಿನ್ನುತ್ತಾ ಸಂಜೆಗಳನ್ನು ಕಳೆದವನು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದದ್ದನ್ನು ನಮ್ಮಪ್ಪನಿಗೆ ಪುರಾಣ ಹೇಳುವ ಹಾಗೆ ಹೇಳುತ್ತಿದ್ದ. ಅಪ್ಪ ಎಲೆಗೆ ಸುಣ್ಣ ಸವರುತ್ತಾ "ಆಮೇಲೆ ಏನಾಯ್ತಪ್ಪ, ಕೆಲ್ಸ ಕೊಟ್ರಾ?" ಎನ್ನುತ್ತಿದ್ದರು.

ನಾನು ಪಾಂಡವಪುರಕ್ಕೆ ಮದುವೆಯಾಗಿ ಬಂದ ಹೊಸತು, 1996ರ ಕೊನೆ. ಆಗ ನಮ್ಮ ದೇಶದಲ್ಲಿ ಮೊದಲ ಸಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಎಂಬುದು ಶುರುವಾಯಿತು. ನನ್ನನ್ನು ನೋಡಲು ಬಂದ ಅಣ್ಣ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಅರ್ಧ ಗಂಟೆ ಅದನ್ನೇ ವಿವರಿಸಿದ. ಅದುವರೆಗೆ ನಮ್ಮಲ್ಲಿದ್ದ ಡ್ಯುರಾಂಡ್, ರೋವರ್ಸ್ ಎಲ್ಲ ಪಂದ್ಯಾವಳಿಗಳು. ಬರುತ್ತಾರೆ, ಆಡುತ್ತಾರೆ, ಸೋತವರು ಗಂಟು ಕಟ್ಟಿಕೊಂಡು ಊರಿಗೆ ಹೊರಡುತ್ತಾರೆ. ಲೀಗ್ ಎಂದರೆ ಹಾಗಲ್ಲ. ಇಂದು ಸೋತರೆ ಮುಂದಿನ ವಾರ ಇನ್ನೊಂದು ಆಟ ಇದ್ದೇ ಇರುತ್ತದೆ. ಎಲ್ಲ ಲೆಕ್ಕ ಕೂಡಿಸಿ ಕೊನೆಗೆ ಯಾರು ಮುಂದೆ ಎಂದು ನೋಡುತ್ತಾರೆ.

"ಇದರಲ್ಲೇನು ಹೊಸತು, ಸಂಸಾರ ನಡೆಯೋದೇ ಹಾಗಲ್ಲವೇ?" ಎಂದೆ. ಅಣ್ಣ ನಕ್ಕುಬಿಟ್ಟ. ಒಳಗೆ ರುಬ್ಬುತ್ತಿದ್ದ ನಮ್ಮತ್ತೆಯೂ ನಕ್ಕದ್ದು ಕೇಳಿಸಿತು.

ಆ ಮೊದಲ ವರ್ಷದ ಲೀಗನ್ನು ಗೆದ್ದದ್ದು ಪಂಜಾಬಿನ ಫಗ್ವಾರದ ಜೆ.ಸಿ.ಟಿ. ಎಂಬ ಬಟ್ಟೆ ಗಿರಣಿಯ ತಂಡ. ಗಿರಣಿಗೊಂದು ತಂಡವಿರಬಹುದಾದರೆ ನಮ್ಮ ಸಕ್ಕರೆ ಕಾರ್ಖಾನೆಗೆ ಯಾಕಿರಬಾರದು ಎಂದು ಅಣ್ಣ ನಮ್ಮವರನ್ನು ಕಾಡಿದ್ದೂ ಉಂಟು. ಸಿಕ್ಕಿಂನ ಬೈಚುಂಗ್ ಭುಟಿಯಾ ಆ ತಂಡಕ್ಕಾಗಿ 14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. ಆದರೆ ಅಣ್ಣನ ದೇವರು ಅವನಲ್ಲ. ಅದೇ ತಂಡದಲ್ಲಿ ಆಡಿದ ಬೆಂಗಳೂರಿನ ಹುಡುಗ ಕಾರ್ಲ್‌ಟನ್ ಚಾಪ್‌ಮನ್. ಪತ್ರಿಕೆಯಲ್ಲಿ ಬಂದ ಅವನ ಚಿತ್ರವನ್ನು ಕತ್ತರಿಸಿ, ಕೆ.ಆರ್. ಪೇಟೆಯಲ್ಲಿ ಹೊಸದಾಗಿ ತೆರೆದ ಗೊಬ್ಬರದಂಗಡಿಯ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ. ಮೇಲೆ ಗೋಡೆಯಲ್ಲಿ ಲಕ್ಷ್ಮಿ, ಕೆಳಗೆ ಮುಚ್ಚಳದಲ್ಲಿ ಚಾಪ್‌ಮನ್. 2020ರ ಅಕ್ಟೋಬರಿನಲ್ಲಿ ಚಾಪ್‌ಮನ್ ಐವತ್ತು ತುಂಬುವ ಮೊದಲೇ ತೀರಿಕೊಂಡಾಗ ಅಣ್ಣ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಿದ್ದನಂತೆ. ಅತ್ತಿಗೆ ಹೇಳಿದರು.

ಇಂಥವನ ಮನೆಯಲ್ಲಿ ಹುಟ್ಟಿದ ಮಗಳು ಚೆಂಡು ಒದೆಯದೆ ಇನ್ನೇನು ಮಾಡಿಯಾಳು! ನಡೆಯಲು ಕಲಿತಾಗಲೇ ಅಪ್ಪ ಮಗಳು ಹಿತ್ತಿಲಲ್ಲಿ ತೆಂಗಿನ ಗರಿ ನೆಟ್ಟು ಗೋಲು ಮಾಡಿಕೊಂಡಿದ್ದರು. ಶಾಲೆಯಲ್ಲಿ ಹುಡುಗರ ಜೊತೆ ಆಡುತ್ತಿದ್ದಳು. ಹುಡುಗಿಯರ ತಂಡವೆಂಬುದು ವರ್ಷಕ್ಕೊಮ್ಮೆ ತಾಲ್ಲೂಕು ಕ್ರೀಡಾಕೂಟದ ಹೊತ್ತಿಗೆ ಮಳೆಗಾಲದ ಅಣಬೆಯಂತೆ ಎದ್ದು, ಒಂದು ಆಟ ಸೋತೊಡನೆ ಮಾಯವಾಗುತ್ತಿತ್ತು. ಒಂದು ಸೋಲಿಗೆ ಒಂದು ವರ್ಷ ಕಾಯಬೇಕು. ಮುಂದಿನ ವರ್ಷದ ಹೊತ್ತಿಗೆ ಅರ್ಧ ಹುಡುಗಿಯರು ದೊಡ್ಡವರಾಗಿ ಮನೆ ಸೇರಿರುತ್ತಿದ್ದರು.

ಹೆಣ್ಣುಮಕ್ಕಳ ಫುಟ್‌ಬಾಲು ನಮ್ಮ ದೇಶಕ್ಕೆ ಹೊಸದೇನಲ್ಲ. 1980ರಲ್ಲೇ ಕೇರಳದ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ಭಾರತದ ಹೆಂಗಸರು ಎರಡನೆಯವರಾಗಿ ಬಂದರು. ಮಣಿಪುರದ ಬೆಂಬೆಮ್ ದೇವಿ ಎರಡು ದಶಕ ದೇಶದ ಅಂಗಿ ತೊಟ್ಟು ಆಡಿದಳು. ಆಕೆಗೆ ಅರ್ಜುನ ಪ್ರಶಸ್ತಿ ಬಂದದ್ದು 2017ರಲ್ಲಿ, ಪದ್ಮಶ್ರೀ 2020ರಲ್ಲಿ. ಆಟ ಮುಗಿಸಿದ ಮೇಲೆ! ಆಟಗಾರ್ತಿಯರಿದ್ದರು, ಆದರೆ ಗಂಡಸರಿಗೆ 1996ರಲ್ಲಿ ಸಿಕ್ಕ ಲೀಗು ಹೆಂಗಸರಿಗೆ ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಊಟಕ್ಕೆ ಎರಡನೆಯ ಪಂಕ್ತಿಯಲ್ಲಿ ಕೂತು ಅಭ್ಯಾಸವಾದ ನಮಗೆ ಇದು ಅರ್ಥವಾಗದ್ದೇನಲ್ಲ.

ಅಂತೂ 2017ರ ಜನವರಿ 28ಕ್ಕೆ ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ಮೊದಲ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾಯಿತು. ನನ್ನ ಸೊಸೆಗೆ ಆಗ ಹದಿನಾಲ್ಕು. ದಿನಾ ರಾತ್ರಿ ಅಪ್ಪನ ಮೊಬೈಲಿನಿಂದ ನನಗೆ ಫೋನು. "ಅತ್ತೆ, ಇವತ್ತು ಮಣಿಪುರದೋರು ಗೆದ್ರು." "ಅತ್ತೆ, ಪೇಪರ್‌ನಲ್ಲಿ ಬಂದಿದ್ಯಾ ನೋಡಿ." ನಾನು ಕನ್ನಡಕ ಏರಿಸಿಕೊಂಡು ಕ್ರೀಡಾಪುಟ ಹುಡುಕುತ್ತಿದ್ದೆ. ಕ್ರಿಕೆಟ್ಟಿನ ದೊಡ್ಡ ಚಿತ್ರದ ಕೆಳಗೆ ಬೆರಳಗಲದ ಸುದ್ದಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಆರೇ ತಂಡಗಳು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್, ಮಿಜೋರಾಮಿನ ಐಜಾಲ್, ಪುಣೆಯದೊಂದು, ಹರಿಯಾಣದ ಅಲಖ್‌ಪುರ, ದಕ್ಷಿಣದಿಂದ ಜೇಪ್ಪಿಯಾರ್ ಎಂಬ ಕಾಲೇಜಿನ ತಂಡ. ಕರ್ನಾಟಕದ್ದು ಇಲ್ಲ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿ, ಸೆಮಿಫೈನಲ್ ಆಡಿ, ಫೆಬ್ರವರಿ 14ಕ್ಕೆ ಫೈನಲ್ಲೂ ಮುಗಿದುಹೋಯಿತು. ಮಣಿಪುರದವರು ಒಡಿಶಾದವರನ್ನು 3–0ಯಿಂದ ಸೋಲಿಸಿದರು. ಬೆರಳು ಮಡಿಸಿ ಎಣಿಸಿದರೆ ಸರಿಯಾಗಿ ಹದಿನೆಂಟು ದಿನ. ಕುರುಕ್ಷೇತ್ರದ ಯುದ್ಧವೂ ಹದಿನೆಂಟೇ ದಿನ. ಕುಂತಿಬೆಟ್ಟದ ಬುಡದಲ್ಲಿ ಸಂಸಾರ ಮಾಡುವ ನನಗೆ ಆ ಲೆಕ್ಕ ತಪ್ಪುವಂತಿಲ್ಲ. ಆದರೆ ಯುದ್ಧಕ್ಕೆ ಸಾಕಾದದ್ದು ಲೀಗಿಗೆ ಸಾಕೇ? ಒಂದೇ ಊರು, ಒಂದೇ ಮೈದಾನ, ಮೂರು ವಾರವೂ ತುಂಬದ ಆಟ. ಅದನ್ನು ಲೀಗ್ ಎನ್ನುವುದಕ್ಕಿಂತ ಜಾತ್ರೆ ಎನ್ನಬಹುದಿತ್ತು. ತೇರು ಎಳೆದ ಮರುದಿನ ಅಂಗಡಿ ಕಿತ್ತ ಹಾಗೆ ಹುಡುಗಿಯರೆಲ್ಲ ರೈಲು ಹತ್ತಿದರು.

ಆ ಹದಿನೆಂಟು ದಿನದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಗೆದ್ದ ತಂಡವಲ್ಲ, ಅಲಖ್‌ಪುರ. ಅದು ಭಿವಾನಿ ಜಿಲ್ಲೆಯ ಒಂದು ಹಳ್ಳಿ. ಪಟ್ಟಣವಲ್ಲ, ಹೋಬಳಿ ಎಂದುಕೊಳ್ಳಿ. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 879 ಹೆಂಗಸರು ಎಂದು ಲೆಕ್ಕ ಸಿಕ್ಕ ಹರಿಯಾಣದ ಹಳ್ಳಿಯೊಂದು ತನ್ನ ಹೆಣ್ಣುಮಕ್ಕಳಿಗೆ ಬೂಟು ಹಾಕಿಸಿ ದೆಹಲಿಗೆ ಕಳಿಸಿತ್ತು. ನಾವು ಅವರನ್ನು ಆಡಿಕೊಳ್ಳುವ ಹಾಗೂ ಇಲ್ಲ ಬಿಡಿ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡಿ ಹೇಳುವ ಜಾಲ ಸಿಕ್ಕಿಬಿತ್ತಲ್ಲ! ಬೆಲ್ಲದ ವಾಸನೆ ಬಂದಾಗಲೆಲ್ಲ ಈಗ ನನಗೆ ಅದೇ ನೆನಪು.

ಆ ವರ್ಷ ಲೀಗು ಮುಗಿದ ಹತ್ತು ದಿನಕ್ಕೆ ಶಿವರಾತ್ರಿ. ಚಿನಕುರಳಿ ಮೇಲೆ ಹೋಗುವ ಬಸ್ಸು ಹಿಡಿದು ಅಣ್ಣನ ಮನೆಗೆ ಹೋದೆ. ನಾಗಮಂಗಲದಿಂದ ಅವ್ವನೂ ಬಂದಿದ್ದಳು. ಹುಡುಗಿ ಮುಖ ಊದಿಸಿಕೊಂಡು ಕೋಣೆಯಲ್ಲಿ ಕೂತಿದ್ದಾಳೆ. ವಿಷಯವೇನೆಂದರೆ ಅವಳು ದೊಡ್ಡವಳಾಗಿ ಆರು ತಿಂಗಳಾಗಿತ್ತು. ಇನ್ನು ಮೈದಾನಕ್ಕೆ ಹೋಗಕೂಡದು ಎಂದು ಅಪ್ಪ ಹೇಳಿಬಿಟ್ಟಿದ್ದ. ಯಾರೋ ನೆಂಟರು ಅಂಗಡಿಗೆ ಬಂದು "ನಿನ್ ಮಗ್ಳು ಚಡ್ಡಿ ಆಕ್ಕಂಡು ಐಕ್ಳ ಜೊತೆ ಓಡಾಡ್ತಾವ್ಳಲ್ಲಪ್ಪ" ಎಂದಿದ್ದರಂತೆ.

ಹೇಳಿದವನು ಯಾರು? ಗಲ್ಲಾಪೆಟ್ಟಿಗೆಯಲ್ಲಿ ಚಾಪ್‌ಮನ್ ಇಟ್ಟುಕೊಂಡವನು! ನನಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಕೆಟ್ಟ ಮನುಷ್ಯನೇನಲ್ಲ ಅವನು, ಮಗಳೆಂದರೆ ಪ್ರಾಣ. ಆದರೆ ಆಟದ ಮೇಲಿನ ಪ್ರೀತಿ ಒಂದು ಪೆಟ್ಟಿಗೆಯಲ್ಲಿ, ಮಗಳ ಮರ್ಯಾದೆ ಇನ್ನೊಂದು ಪೆಟ್ಟಿಗೆಯಲ್ಲಿ. ಎರಡರ ಬೀಗದ ಕೈ ಒಂದೇ ಎಂದು ಅವನಿಗೆ ಹೊಳೆದೇ ಇರಲಿಲ್ಲ.

"ಅಣ್ಣ, ನನ್ನ ಖೋ ಖೋ ನಿಲ್ಲಿಸಿದವರು ಯಾರು ಹೇಳು?" ಎಂದೆ.

"ಯಾರೂ ನಿಲ್ಲಿಸಲಿಲ್ಲವಲ್ಲಮ್ಮ."

"ಅದಕ್ಕೇ ಯಾರನ್ನೂ ಬೈಯೋಕೆ ಆಗ್ಲಿಲ್ಲ. ಇವಳಿಗೆ ಬೈಯೋಕೆ ನೀನು ಸಿಕ್ತಿಯಾ."

ಅವನು ಮಾತಾಡಲಿಲ್ಲ. ಅಲಖ್‌ಪುರದ ಕಥೆ ಹೇಳಿದೆ. ದೆಹಲಿಯ ಆಟದ ಕಥೆಯನ್ನು ಒಳಗಿನಿಂದ ಸೊಸೆಯೇ ಕೂಗಿ ಕೂಗಿ ತಿದ್ದಿದಳು. ಅತ್ತಿಗೆ ಮಾತ್ರ ಎಲ್ಲಕ್ಕಿಂತ ಸರಿಯಾದ ಪ್ರಶ್ನೆ ಕೇಳಿದರು: "ಅಲ್ಲ, ಹದಿನೆಂಟು ದಿನ ಆಡಿ ವರ್ಷವೆಲ್ಲ ಏನು ಮಾಡ್ತಾರೆ ಆ ಹೆಣ್ಮಕ್ಕಳು?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಫೆಡರೇಷನ್ನಿನವರು ಸ್ವಲ್ಪವಾದರೂ ಉತ್ತರ ಕೊಟ್ಟದ್ದು 2023ರಲ್ಲಿ. ದೊಡ್ಡ ಕ್ಲಬ್ಬುಗಳು ಕನಿಷ್ಠ ಹತ್ತು ಆಟಗಾರ್ತಿಯರಿಗಾದರೂ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆಯಿಲ್ಲದ ಸಂಬಳ ಕೊಡಬೇಕೆಂದು ಆಗ ಘೋಷಿಸಿದರು. ತಂಡಗಳು ತಮ್ಮ ತಮ್ಮ ಊರಿನಲ್ಲಿ, ಎದುರಾಳಿಯ ಊರಿನಲ್ಲಿ ಆಡುವ ನಿಜವಾದ ಲೀಗು ಆದದ್ದೂ 2023–24ರಲ್ಲಿ. ಅಷ್ಟರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ ತಿಂಗಳಲ್ಲಿ ಅಹಮದಾಬಾದಿನ ಫೈನಲ್‌ವರೆಗೂ ಹೋಗಿ ಗೋಕುಲಂ ಕೇರಳದ ಎದುರು 5–0ಯಿಂದ ಸೋತಿತ್ತು. ಐದು ಗೋಲೆಂದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಮೊದಲ ವರ್ಷ ಪಟ್ಟಿಯಲ್ಲೇ ಇಲ್ಲದವರು ನಾವು.

ಅಂದು ಕೊನೆಗೆ ಬಾಯಿ ಬಿಟ್ಟವಳು ಅವ್ವ. ಜಾಗರಣೆಗೆಂದು ಗೋಡೆಗೊರಗಿ ಕೂತವಳು "ಓಗ್ಲಿ ಬುಡ್ಲಾ, ಪ್ಯಾಂಟು ಆಕ್ಕಂಡು ಆಡ್ಲಿ. ಮಂಡಿ ಮುಚ್ಚಿದ್ರೆ ಆಯ್ತಲ್ಲ" ಎಂದಳು. ಮೂವತ್ತು ವರ್ಷ ಮುಂಚೆ ನನಗೂ ಈ ಮಾತು ಹೇಳಬಹುದಿತ್ತಲ್ಲವ್ವ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹಬ್ಬದ ದಿನ ಯಾಕೆ ಎಂದು ನುಂಗಿಕೊಂಡೆ. ಅಣ್ಣ ಎಸ್.ಎಸ್.ಎಲ್.ಸಿ.ವರೆಗೆ ಎಂದು ಒಪ್ಪಿದ. ಆಮೇಲೆ ಪಿ.ಯು.ವರೆಗೆ ಎಂದಾಯಿತು. ಈಗ ಅವಳು ಮೈಸೂರಿನಲ್ಲಿ ದೈಹಿಕ ಶಿಕ್ಷಣದ ಡಿಗ್ರಿ ಓದುತ್ತಿದ್ದಾಳೆ. ಮಂಡಿಯಲ್ಲಿ ನೋವಿದೆ, ಮೊದಲಿನಷ್ಟು ಆಡುವುದಿಲ್ಲ.

ಅಪ್ಪಣೆ ಸಿಕ್ಕಿದ್ದೇ ತಡ, ಆ ಬೇಸಿಗೆ ರಜೆಯಲ್ಲಿ ಅವಳು ಮತ್ತು ಅವರ ಪಿ.ಟಿ. ಮೇಡಂ ಸೇರಿ ಒಂದು ಕೆಲಸ ಮಾಡಿದರು. ಯಾವ ತಾಲ್ಲೂಕಿನಲ್ಲೂ ಹನ್ನೊಂದು ಹುಡುಗಿಯರು ಸಿಗುತ್ತಿರಲಿಲ್ಲವಾದ್ದರಿಂದ ಏಳೇಳು ಜನರ ನಾಲ್ಕು ತಂಡ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಏಪ್ರಿಲ್, ಮೇ ಭಾನುವಾರಗಳಲ್ಲಿ ಆರು ಆಟ. ಸೋತವರನ್ನು ಮನೆಗೆ ಕಳಿಸುವುದಿಲ್ಲ ಎಂಬುದೊಂದೇ ನಿಯಮ. ಕಪ್ಪಿಲ್ಲ, ಹಾರವಿಲ್ಲ, ಮೈಕಿಲ್ಲ. ಅಣ್ಣ ಗೊಬ್ಬರ ಕಂಪನಿಯ ಕ್ಯಾಲೆಂಡರಿನ ಹಿಂದೆ ಅಡಿಕೋಲಿಟ್ಟು ಮನೆ ಎಳೆದು ಪಟ್ಟಿ ಮಾಡಿದ, ಸೀಟಿ ಊದಿದ, ಕಿತ್ತಳೆ ಹಣ್ಣು ತಂದ. ಬೇಡವೆಂದಿದ್ದವನು ಇವನೇನಾ ಎನ್ನುವ ಹಾಗೆ ಬಿಸಿಲಲ್ಲಿ ಗೆರೆಯುದ್ದಕ್ಕೂ ಓಡಿದ.

ಪಾಂಡವಪುರದಲ್ಲಿ ಆಟವಿದ್ದ ದಿನ ನಾನು ಎರಡು ಡಬ್ಬಿ ಮೊಸರನ್ನ ಕಲಸಿಕೊಂಡು ಹೋಗಿದ್ದೆ. ಸೊಸೆಯ ತಂಡಕ್ಕೂ ನಮ್ಮೂರಿಗೂ 1–1 ಆಯಿತು. ಕೊನೆಗೆ ಎರಡೂ ತಂಡಕ್ಕೆ ನಾಲ್ಕು ನಾಲ್ಕು ಪಾಯಿಂಟು. ಗೋಲಿನ ವ್ಯತ್ಯಾಸದಲ್ಲಿ ನಮ್ಮೂರು ಮೇಲೆ. ಹೊಡೆದದ್ದರಲ್ಲಿ ತಿಂದದ್ದನ್ನು ಕಳೆಯುವುದಂತೆ. ತಿಂಗಳ ಸಂಬಳದಲ್ಲಿ ಖರ್ಚು ಕಳೆದು ಬರೆಯುವ ನನಗೆ ಒಂದೇ ಸಲಕ್ಕೆ ತಿಳಿಯಿತು. ಅವಳಿಗೆ ಮಾತ್ರ ಇವತ್ತಿಗೂ ಕೋಪ. "ನಿಮ್ಮೂರೋರು ನಾಗಮಂಗಲಕ್ಕೆ ಮೂರು ಹೊಡೆದು ಒಂದೂ ತಿನ್ನಲಿಲ್ಲ ಅತ್ತೆ, ನಾವು ಮೂರು ಹೊಡೆದು ಒಂದು ತಿಂದ್ವಿ, ಅದಕ್ಕೇ" ಎನ್ನುತ್ತಾಳೆ.

ನಾಗಮಂಗಲದವರು ಆಡಿದ ಎರಡನ್ನೂ ಸೋತಿದ್ದರು. ಏಳು ಜನ ಸೇರಿಸುವುದೇ ಕಷ್ಟ; ಒಂದು ಸಲ ಆರೇ ಜನ ಬಂದರು. ಕೊನೆಯ ಆಟ ಶ್ರೀರಂಗಪಟ್ಟಣದಲ್ಲಿ, ಆಗಲೇ ಎರಡನ್ನೂ ಗೆದ್ದು ಮೇಲೆ ಕೂತಿದ್ದವರ ಎದುರು. ಇನ್ನು ಬರಲಾರರು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿನಿಂದ ಎಂಟು ಜನ ಇಳಿದರು. ಜೊತೆಗೊಬ್ಬಳ ತಾಯಿ, ಕೈಯಲ್ಲಿ ಚಿತ್ರಾನ್ನದ ಬುತ್ತಿ. ಹತ್ತು ಗಂಟೆಗೆ ಕಾವೇರಿಯ ಕಡೆಯಿಂದ ಮೋಡ ಎದ್ದು ಆಲಿಕಲ್ಲಿನ ಮಳೆ ಶುರುವಾದದ್ದು ಸಂಜೆವರೆಗೂ ಬಿಡಲಿಲ್ಲ. ಹುಡುಗಿಯರು ಶಾಲೆಯ ಜಗಲಿಯ ಮೇಲೆ ಬೂಟು ಕಟ್ಟಿಕೊಂಡೇ ಕೂತಿದ್ದರು. ಇನ್ನೊಂದು ದಿನ ಆಡಿಸೋಣ ಎಂದರು ಪಿ.ಟಿ. ಮೇಡಂ. ಅಷ್ಟರಲ್ಲಿ ಶಾಲೆ ಶುರುವಾಯಿತು, ಒಬ್ಬಳ ಮದುವೆಯ ಮಾತೂ ಬಂತು.

ಕ್ಯಾಲೆಂಡರು ಇನ್ನೂ ಅಣ್ಣನ ಅಂಗಡಿಯಲ್ಲೇ ಇದೆ. ಆ ಒಂದು ಆಟದ ಮನೆ ಖಾಲಿ ಇದೆ.